ತಾನು ಬರೆಯದ ಸಾಲು

2015ರ ಜೂನ್ ಮೊದಲ ವಾರ. ಬೆಂಗಳೂರಿನ ಪ್ರೋಗ್ರಾಮರ್ ತೇಜೇಶ್ ಜಿ.ಎನ್. ಏರ್‌ಟೆಲ್‌ನ 3ಜಿ ಸಂಪರ್ಕದಲ್ಲಿ ತಮ್ಮದೇ ವೆಬ್‌ಸೈಟ್ ತೆರೆದು, ಪುಟದ ಹಿಂದಿನ ಕೋಡ್ ನೋಡುತ್ತಿದ್ದರು. ಅದರ ನಡುವೆ ತಾವು ಬರೆಯದ ಸಾಲೊಂದು ಕೂತಿತ್ತು. ‘ಆಂಕರ್’ ಎಂಬ ಹೆಸರಿನ ಜಾವಾಸ್ಕ್ರಿಪ್ಟ್ ಕಡತವನ್ನು ಬೇರೆಲ್ಲಿಂದಲೋ ಎಳೆದು ತರುವ ಸಾಲು ಅದು. ಇನ್ನೊಬ್ಬರ ಸೈಟಾಗಿದ್ದರೆ ಕಣ್ಣು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ತನ್ನ ಪುಟ, ತನ್ನ ಅಕ್ಷರ. ಹಾಗಾಗಿ ಹೊರಗಿನದು ತಕ್ಷಣ ಗೊತ್ತಾಯಿತು.

ಇಂಥ ಸಾಲು ಬಂದು ಸೇರಲು ದಾರಿ ಮೂರೇ. ಸೈಟ್ ಇರುವ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿರಬೇಕು. ಇಲ್ಲವೇ ಬ್ರೌಸರಿಗೆ ಹಾಕಿಕೊಂಡ ಪ್ಲಗಿನ್ ಅದನ್ನು ತುರುಕಿರಬೇಕು. ಅದೂ ಅಲ್ಲವಾದರೆ ಎರಡರ ನಡುವಿನ ಹಾದಿಯಲ್ಲೇ ಯಾರೋ ಕೈಯಾಡಿಸಿರಬೇಕು. ಆ ಕಡತದ ವಿಳಾಸದಲ್ಲಿ ಹೆಸರಿರಲಿಲ್ಲ, ಬರೀ ಅಂಕಿಗಳಿದ್ದವು. ಅಂಕಿಗಳ ಒಡೆಯ ಯಾರೆಂದು ಹುಡುಕಿದಾಗ ಸಿಕ್ಕಿದ್ದು ಭಾರ್ತಿ ಏರ್‌ಟೆಲ್. ಕೈ ಹಾದಿಯಲ್ಲೇ ಇತ್ತು.

ಗೊರೇಬಾಳ ಎಂಬ ಊರಿನ ಸುತ್ತಿನ ಗದ್ದೆಯವರಿಗೆ ಇದು ಬೇಗ ಅರ್ಥವಾಗುವ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಬರುವ ನೀರಿಗೆ ಮೇಲಿನವರು ಏನು ಬೆರೆಸಿದರೂ ಕೆಳಗಿನ ಹೊಲದವನಿಗೆ ತಿಳಿಯುವುದಿಲ್ಲ, ಕಾಲುವೆ ತೆರೆದೇ ಇರುತ್ತದೆ. ಆಗಿನ ಬಹುಪಾಲು ಸೈಟುಗಳು ಗೂಢಲಿಪಿಯಿಲ್ಲದೆ ಹಾಗೆಯೇ ತೆರೆದು ಹರಿಯುತ್ತಿದ್ದವು.

ತೇಜೇಶ್ ಕಂಡದ್ದನ್ನು ಕಂಡಂತೆ, ಚಿತ್ರಗಳ ಸಮೇತ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರ ಮುಂದಿಟ್ಟರು. ಕೆಲವೇ ದಿನಗಳಲ್ಲಿ ಉತ್ತರ ಬಂತು, ಆದರೆ ವಕೀಲರ ನೋಟಿಸಿನ ರೂಪದಲ್ಲಿ. ಆ ಕೋಡ್ ತನ್ನದು, ಅದನ್ನು ಪ್ರಕಟಿಸಿದ್ದು ತಪ್ಪು ಎಂದು ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿ ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನೂ ದಂಡಸಂಹಿತೆಯನ್ನೂ ಮುಂದೆ ಮಾಡಿತ್ತು. ಹಕ್ಕುಸ್ವಾಮ್ಯದ ದೂರಿನ ಮೇಲೆ ಗಿಟ್‌ಹಬ್ ಆ ಪುಟವನ್ನೂ ಇಳಿಸಿತು. ಜನರ ಬ್ರೌಸರಿಗೆ ಕೇಳದೆ ಬಂದ ಕೋಡನ್ನು ಜನರಿಗೆ ತೋರಿಸಿದ್ದೇ ಅಪರಾಧವಾಯಿತು! ಒಬ್ಬಂಟಿ ಪ್ರೋಗ್ರಾಮರಿಗೆ ಅದು ಸಣ್ಣ ಬೆದರಿಕೆಯಲ್ಲ. ಆದರೆ ಎರಡು ತಿಂಗಳ ಹಿಂದಷ್ಟೇ ಮುಕ್ತ ಅಂತರ್ಜಾಲಕ್ಕಾಗಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ಗೆ ಲಕ್ಷಗಟ್ಟಲೆ ಇಮೇಲ್ ಬರೆದಿದ್ದ ದೇಶ ಅದು, ಸುದ್ದಿ ಕಾಡ್ಗಿಚ್ಚಾಯಿತು. ಗ್ರಾಹಕರಿಗೆ ಎಷ್ಟು ಡೇಟಾ ಖರ್ಚಾಯಿತೆಂದು ತಿಳಿಸುವ ಪ್ರಯೋಗವಷ್ಟೇ ಇದು, ನೋಟಿಸಿಗೂ ತನಗೂ ಸಂಬಂಧವಿಲ್ಲ ಎಂದು ಏರ್‌ಟೆಲ್ ಹೇಳಿಕೆ ಕೊಟ್ಟಿತು.

ಅಲ್ಲಿಗೆ ಹಾದಿಯಲ್ಲಿದ್ದ ಕೈ ಸಿಕ್ಕಿಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸೇವೆ ಗೂಢಲಿಪಿಯ ಪ್ರಮಾಣಪತ್ರಗಳನ್ನು ಎಲ್ಲ ಸೈಟುಗಳಿಗೂ ಪುಕ್ಕಟೆ ಕೊಡತೊಡಗಿತು. ತೆರೆದ ಹಾದಿ ನಿಧಾನವಾಗಿ ಮುಚ್ಚಿಕೊಂಡಿತು. ಆದರೆ ಮೂರರಲ್ಲಿ ಒಂದು ಅನುಮಾನ ಹಾಗೇ ಉಳಿದಿತ್ತು: ಬ್ರೌಸರಿನ ಒಳಗೇ ಕೂತ ಪ್ಲಗಿನ್. ಅದರ ಗುಟ್ಟು ಹೊರಬಿದ್ದದ್ದು ಅಮೆರಿಕದಲ್ಲಿ, ಅದೂ ತನ್ನ ಕಡೆಯ ಪುಟಗಳನ್ನು ಚೆನ್ನಾಗಿ ಬಲ್ಲ ಇನ್ನೊಬ್ಬನಿಂದ.

ಸ್ಯಾಮ್ ಜದಾಲಿ ವೆಬ್‌ಸೈಟುಗಳಿಗೆ ಜಾಗ ಬಾಡಿಗೆ ಕೊಡುವ ಸಣ್ಣ ಉದ್ಯಮದವನು. 2018ರ ಕೊನೆಯಲ್ಲಿ ಅವನ ಕಣ್ಣಿಗೆ ನಾಚೊ ಅನಾಲಿಟಿಕ್ಸ್ ಎಂಬ ಮಾರಾಟದ ಸೇವೆ ಬಿತ್ತು. ತಿಂಗಳಿಗೆ 49 ಡಾಲರ್ ಕೊಟ್ಟರೆ ಯಾವ ಸೈಟಿಗೆ ಜನ ಬಂದು ಏನು ನೋಡುತ್ತಿದ್ದಾರೆಂದು ಅದು ತೋರಿಸುತ್ತಿತ್ತು. ಅದರ ಪಟ್ಟಿಯಲ್ಲಿ ತನ್ನ ಗ್ರಾಹಕನೊಬ್ಬನ ಸೈಟಿನ ಖಾಸಗಿ ಸಂಭಾಷಣೆಗಳ ಲಿಂಕುಗಳಿದ್ದುದನ್ನು ಕಂಡು ಜದಾಲಿ ದಂಗಾದ. ಹೊರಗಿನವರಿಗೆ ಗೊತ್ತೇ ಇರದ ವಿಳಾಸಗಳು ಅಂಗಡಿಗೆ ಬಂದದ್ದು ಹೇಗೆ?

ಹುಡುಕಿದಂತೆಲ್ಲ ಹೆದರಿಕೆ ಹೆಚ್ಚಿತು. ತೆರಿಗೆ ಪತ್ರಗಳು, ಬಿಲ್ಲುಗಳು, ರೋಗಿಗಳ ಹೆಸರು, ಮನೆ ಕಾಯುವ ಕ್ಯಾಮೆರಾದ ದೃಶ್ಯಗಳು, ಎಲ್ಲಕ್ಕೂ ಲಿಂಕುಗಳು ಅಲ್ಲಿದ್ದವು. ಲಿಂಕ್ ಇದ್ದವರೆಲ್ಲ ತೆರೆಯಬಹುದಾದ ಕಡತಗಳಿಗೆ ಆ ಲಿಂಕೇ ಬೀಗದಕೈ.

ಕಳ್ಳನನ್ನು ಹಿಡಿಯಲು ಜದಾಲಿ ಬಲೆ ಹೂಡಿದ. ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ವಿಳಾಸಗಳ ಪುಟಗಳನ್ನು ಮಾಡಿದ. ಹೊಸದಾಗಿ ಸಿದ್ಧಪಡಿಸಿದ ಕಂಪ್ಯೂಟರುಗಳಲ್ಲಿ ಅನುಮಾನದ ಪ್ಲಗಿನ್ ಹಾಕಿ, ಆ ಪುಟಗಳಿಗೆ ತಾನೇ ಹೋಗಿ ಬಂದ. ಕೆಲವು ಪ್ಲಗಿನ್‌ಗಳಲ್ಲಿ ಏನೂ ನಡೆಯಲಿಲ್ಲ. ಕೋಡ್ ಬಿಡಿಸಿ ನೋಡಿದರೂ ಕದಿಯುವ ಭಾಗ ಕಾಣಲಿಲ್ಲ. ಬೇರೆಯವನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದನೇನೋ. ಇವನು ಕಂಪ್ಯೂಟರುಗಳನ್ನು ಹಾಗೇ ಬಿಟ್ಟು ಕಾದ. ವಾರಗಳು ಕಳೆದವು. ಆಮೇಲೆ ಆ ಪ್ಲಗಿನ್‌ಗಳು ಹೊರಗಿನಿಂದ ಹೊಸ ಕೋಡ್ ತರಿಸಿಕೊಂಡು ಕೆಲಸಕ್ಕಿಳಿದವು. ಸರಾಸರಿ 24 ದಿನ ಅವು ಸಾಧುವಾಗಿ ಕೂತಿರುತ್ತಿದ್ದವು! ಯಾರಿಗೂ ಗೊತ್ತಿಲ್ಲದ ಆ ವಿಳಾಸಗಳು ನಾಚೊದ ಪಟ್ಟಿಯಲ್ಲಿ ಮಾರಾಟಕ್ಕೆ ಬಂದವು.

ತಾನು ಕಂಡುಹಿಡಿದದ್ದಕ್ಕೆ ‘ಡೇಟಾಸ್ಪೈ’ ಎಂದು ಹೆಸರಿಟ್ಟು 2019ರ ಜುಲೈನಲ್ಲಿ ಅವನು ಅದನ್ನು ಪ್ರಕಟಿಸಿದ. ಎಂಟು ಪ್ಲಗಿನ್‌ಗಳು, ನಲವತ್ತು ಲಕ್ಷಕ್ಕೂ ಹೆಚ್ಚು ಬಳಕೆದಾರರು. ಚಿತ್ರದ ಮೇಲೆ ಮೌಸ್ ಇಟ್ಟರೆ ದೊಡ್ಡದಾಗಿ ತೋರಿಸುವ ‘ಹೋವರ್ ಝೂಮ್’ ಕೂಡ ಅವುಗಳಲ್ಲೊಂದು. ಕ್ರೋಮ್‌ನಲ್ಲಿದ್ದವನ್ನು ಗೂಗಲ್ ಕಿತ್ತುಹಾಕಿತು, ನಾಚೊ ಬಾಗಿಲು ಮುಚ್ಚಿತು.

ಗುಟ್ಟು ಇಷ್ಟೇ. ಗೂಢಲಿಪಿ ಕಾಯುವುದು ಹಾದಿಯನ್ನು ಮಾತ್ರ. ಪ್ಲಗಿನ್ ಕೂತಿರುವುದು ಹಾದಿ ಮುಗಿದ ಮೇಲೆ, ಪುಟ ಬಿಚ್ಚಿಕೊಂಡ ಜಾಗದಲ್ಲಿ. ಭೇಟಿ ಕೊಡುವ ಎಲ್ಲ ಸೈಟುಗಳ ಮಾಹಿತಿಯನ್ನು ಓದಲು, ಬದಲಿಸಲು ಅದು ಹಾಕಿಸಿಕೊಳ್ಳುವಾಗಲೇ ಅನುಮತಿ ಕೇಳುತ್ತದೆ. ಆ ಅನುಮತಿ ಕೊಟ್ಟ ಮೇಲೆ ಬ್ಯಾಂಕಿನ ಪುಟವೂ ಆಸ್ಪತ್ರೆಯ ಪುಟವೂ ಅದರ ಕಣ್ಣಿಗೆ ತೆರೆದೇ ಇರುತ್ತವೆ. ಕ್ರೋಮ್ ಇಂದಿಗೂ ಆ ಮಾತನ್ನು ಒಂದೇ ಸಾಲಿನಲ್ಲಿ, ಒಪ್ಪಿಗೆಯ ಗುಂಡಿಯ ಮೇಲ್ಗಡೆಯೇ ತೋರಿಸುತ್ತದೆ.