ಹ್ರಸ್ವ ದೀರ್ಘಗಳಿಗೆ ನಿಲುಕದ ಇಂಗ್ಲಿಷ್ ಸ್ವರಗಳು

ಇಂಗ್ಲಿಷಿನಲ್ಲಿ ಸ್ವರಾಕ್ಷರಗಳು ಐದೇ ಆದರೂ, ಬ್ರಿಟನ್ನಿನ ಶಿಷ್ಟ ಉಚ್ಚಾರಣೆಯಲ್ಲಿರುವ ಸ್ವರಧ್ವನಿಗಳನ್ನು ಧ್ವನಿವಿಜ್ಞಾನದ ಪಠ್ಯಗಳು ಸಾಮಾನ್ಯವಾಗಿ 20 ಎಂದು ಎಣಿಸುತ್ತವೆ. ಇವುಗಳಲ್ಲಿ ಒಂದನ್ನೊಂದು ಹೋಲುವ ಜೋಡಿಗಳನ್ನು ಕನ್ನಡದ ಕಿವಿ ತನಗೆ ರೂಢಿಯಾದ ಹ್ರಸ್ವ ದೀರ್ಘಗಳ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಹಡಗು ಎಂಬರ್ಥದ ‘ಶಿಪ್’ ಹ್ರಸ್ವ, ಕುರಿ ಎಂಬರ್ಥದ ‘ಶೀಪ್’ ದೀರ್ಘ ಎಂದು ತೀರ್ಮಾನಿಸುತ್ತದೆ. ಈ ಲೆಕ್ಕ ಅರ್ಧ ಮಾತ್ರ ಸರಿ.

‘ಬಿಡು’, ‘ಬೀಡು’ ಎಂಬ ಕನ್ನಡ ಪದಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಮಾತ್ರೆ, ಎಂದರೆ ಉಚ್ಚಾರಣೆಗೆ ಹಿಡಿಯುವ ಕಾಲ. ಇಂಗ್ಲಿಷಿನಲ್ಲಾದರೋ ಕಾಲಕ್ಕಿಂತ ನಾಲಿಗೆಯ ನೆಲೆ ಹೆಚ್ಚಿನದು. ‘ಶೀಪ್’ ಎನ್ನುವಾಗ ನಾಲಿಗೆಯ ಮುಂಭಾಗ ಬಿಗಿದುಕೊಂಡು ಅಂಗುಳಿನ ಸಮೀಪಕ್ಕೆ ಏರುತ್ತದೆ. ‘ಶಿಪ್’ ಎನ್ನುವಾಗ ಅದು ತುಸು ಕೆಳಗಿಳಿದು, ಬಾಯಿಯ ನಡುವಿನತ್ತ ಸರಿದು, ಸಡಿಲವಾಗಿರುತ್ತದೆ. ಆದ್ದರಿಂದಲೇ ಈ ಎರಡನೆಯ ಸ್ವರವನ್ನು ಎಷ್ಟು ಎಳೆದರೂ ಅದು ‘ಶೀಪ್’ ಆಗುವುದಿಲ್ಲ. ಅಷ್ಟೇ ಅಲ್ಲ, ಟ, ಪ, ಕಗಳಂತಹ ಅಘೋಷ ವ್ಯಂಜನಗಳು, ಅಂದರೆ ಗಂಟಲಿನ ಕಂಪನವಿಲ್ಲದವು, ಮುಂದೆ ಬಂದಾಗ ಇಂಗ್ಲಿಷ್ ಸ್ವರಗಳು ಮೊಟಕಾಗುತ್ತವೆ. ಹೊಡೆತ ಎಂಬರ್ಥದ ‘ಬೀಟ್’ನ ಸ್ವರ ಮಣಿ ಎಂಬರ್ಥದ ‘ಬೀಡ್’ನ ಸ್ವರಕ್ಕಿಂತ ಎಷ್ಟೋ ಚಿಕ್ಕದು, ಹರಾಜಿನ ‘ಬಿಡ್’ನ ಸ್ವರಕ್ಕೆ ಬಹುಮಟ್ಟಿಗೆ ಸಮ, ಆದರೂ ಇಂಗ್ಲಿಷರ ಕಿವಿಗೆ ಗೊಂದಲವಾಗುವುದಿಲ್ಲ.

ಕಾಗುಣಿತವೂ ಇಲ್ಲಿ ನೆರವಿಗೆ ಬಾರದಿರುವುದಕ್ಕೆ ಚರಿತ್ರೆ ಕಾರಣ. ‘ಶೀಪ್’ನಲ್ಲಿ ಇಂಗ್ಲಿಷ್ ವರ್ಣಮಾಲೆಯ ಐದನೆಯ ಅಕ್ಷರವನ್ನು ಎರಡು ಬಾರಿ ಬರೆಯುವುದು ಇಂಗ್ಲಿಷ್ ಕವಿ ಚಾಸರನ ಕಾಲದಲ್ಲಿ ಆ ಸ್ವರ ಕನ್ನಡದ ‘ಏ’ಕಾರದಂತೆ ಕೇಳಿಸುತ್ತಿದ್ದುದರ ಗುರುತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ ಬಳಿಕ ಬರಹ ಕ್ರಮೇಣ ನೆಲೆನಿಂತಿತು. ದೀರ್ಘಸ್ವರಗಳು ಮಾತ್ರ ಮಹಾ ಸ್ವರಪಲ್ಲಟ ಎಂದು ಹೆಸರಾದ ಬದಲಾವಣೆಯಲ್ಲಿ ಬಾಯಿಯೊಳಗೆ ಮೇಲುಮೇಲಕ್ಕೆ ಸರಿಯುತ್ತಲೇ ಇದ್ದವು.

‘ಬೆಟ್’, ‘ಬ್ಯಾಟ್’ ಜೋಡಿಯ ತೊಡಕು ಬೇರೆ ಬಗೆಯದು. ಎರಡನೆಯ ಪದದ ಸ್ವರಕ್ಕೆ ಕನ್ನಡದಲ್ಲಿ ಲಿಪಿಚಿಹ್ನೆಯಿಲ್ಲದ ಕಾರಣ ಯಕಾರದ ಒತ್ತನ್ನು ಎರವಲು ಪಡೆಯಲಾಗಿದೆ. ಬರಹವನ್ನು ನಂಬಿ ಯಕಾರವನ್ನೂ ನುಡಿದರೆ ಉಚ್ಚಾರಣೆ ತಪ್ಪುತ್ತದೆ. ‘ಎ’ ಎನ್ನುತ್ತ ಕೆಳದವಡೆಯನ್ನು ಇನ್ನಷ್ಟು ಇಳಿಸಿದರೆ ಈ ಸ್ವರ ದೊರಕುತ್ತದೆ. ಉತ್ತರ ಕರ್ನಾಟಕದ ಆಡುಮಾತಿನ ‘ಬ್ಯಾಡ’ದಲ್ಲಿ ಇದೇ ಜಾತಿಯ ದೀರ್ಘಸ್ವರವಿದೆ ಎಂಬುದನ್ನು ಇಂಗ್ಲಿಷ್ ಕಲಿಸುವವರು ಬಳಸಿಕೊಳ್ಳದಿರುವುದು ನಿಜಕ್ಕೂ ನಷ್ಟ.

‘ಕಟ್’ ಮತ್ತು ‘ಕಾರ್ಟ್’ ಪದಗಳ ಸ್ವರಗಳಲ್ಲಿಯೂ ಉದ್ದದ ಜೊತೆಗೆ ಬಾಯಿಯ ಆಕಾರ ಬೇರೆಯಾಗುತ್ತದೆ. ಇಂತಹ ಭೇದ ಭಾರತೀಯ ವೈಯಾಕರಣರಿಗೆ ಹೊಸದಲ್ಲ. ಬಾಯಿ ಕಿರಿದಾಗಿ ತೆರೆದು ಹುಟ್ಟುವ ಸ್ವರವನ್ನು ಅವರು ಸಂವೃತವೆಂದೂ ಅಗಲವಾಗಿ ತೆರೆದು ಹುಟ್ಟುವುದನ್ನು ವಿವೃತವೆಂದೂ ಕರೆದರು. ವ್ಯಾಕರಣದ ಅನುಕೂಲಕ್ಕಾಗಿ ಹ್ರಸ್ವ ಅಕಾರವನ್ನು ಆಕಾರದಂತೆಯೇ ವಿವೃತವೆಂದು ಇಟ್ಟುಕೊಂಡಿದ್ದ ಪಾಣಿನಿ, ಆಡುವಾಗ ಅದು ಸಂವೃತವೇ ಎಂದು ತಿಳಿಸುವುದಕ್ಕೆಂದೇ ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರವನ್ನು ಮೀಸಲಿಟ್ಟನು.