ತೇವದ ನಡೆ ಅರಿತರೆ ಕ್ಯಾಮೆರಾ ಉಳಿದೀತು

ಮಳೆಗಾಲದ ಆಗುಂಬೆಗೋ ಚಳಿಗಾಲದ ಲಡಾಖ್‌ಗೋ ಹೊರಟವರು ಕ್ಯಾಮೆರಾಕ್ಕೆ ಮೊದಲು ಹುಡುಕುವುದು ಗಟ್ಟಿ ಹೊದಿಕೆ. ಆದರೆ ಶತಮಾನಕ್ಕೂ ಮೀರಿದ ಅನುಭವ ಹೇಳುವ ಪಾಠ ಬೇರೆ: ಹೊದಿಕೆಯ ದಪ್ಪಕ್ಕಿಂತ ತೇವದ ನಡೆಯನ್ನು ಅರಿಯುವುದು ಮುಖ್ಯ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟಿಷ್ ತಯಾರಕರು ಭಾರತ, ಆಫ್ರಿಕಾಗಳಿಗೆ ಹೋಗುವವರಿಗಾಗಿ ‘ಟ್ರಾಪಿಕಲ್’ ಕ್ಯಾಮೆರಾಗಳನ್ನು ಮಾಡಿದರು. ಸೆಕೆಗೆ ಮರ ಬಾಗುತ್ತಿತ್ತು, ಅಂಟು ಬಿಡುತ್ತಿತ್ತು, ಚರ್ಮಕ್ಕೆ ಹುಳು ಬೀಳುತ್ತಿತ್ತು. ಹಾಗಾಗಿ ತೇಗದ ಮೈ ಬಂತು. ಅಂಟನ್ನಷ್ಟೇ ನಂಬದೆ ಸಂದುಗಳಿಗೆ ಹಿತ್ತಾಳೆಯ ಪಟ್ಟಿ, ತಿರುಪು ಬಿಗಿದರು. ಮಡಿಚುವ ಭಾಗಕ್ಕೆ ಹುಳು ಹತ್ತದ, ಘಾಟು ವಾಸನೆಯ ರಷ್ಯನ್ ಚರ್ಮ ಹಾಕಿದರು. ಪೆಟ್ಟಿಗೆ ಉಳಿಯಿತು. ಗಾಜಿನ ಮೇಲೆ ಕೂರುವ ತೇವಕ್ಕೆ ಮಾತ್ರ ತೇಗದಲ್ಲಿ ಉತ್ತರವಿರಲಿಲ್ಲ.

ಆ ತೇವದ ಗುಣ ಸ್ಪಷ್ಟವಾಗಿ ಕಂಡದ್ದು ಹಿಮದ ನಾಡಿನಲ್ಲಿ. 1910ರಲ್ಲಿ ಹೊರಟ ಕ್ಯಾಪ್ಟನ್ ಸ್ಕಾಟ್ ಅವರ ಅಂಟಾರ್ಕ್ಟಿಕ್ ತಂಡದಲ್ಲಿದ್ದ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್, ಚಳಿಗೆ ಗಟ್ಟಿಯಾಗುವ ಎಣ್ಣೆಯನ್ನು ಯಂತ್ರಭಾಗಗಳಿಂದ ತೆಗೆದು ಗ್ರಾಫೈಟ್ ಬಳಸಿದರು. ಕ್ಯಾಮೆರಾಗಳನ್ನು ಬೆಚ್ಚಗಿನ ಬಿಡಾರದೊಳಗೆ ತಾರದೆ ಹೊರಗೇ ಇಡುತ್ತಿದ್ದರು. ತಣ್ಣಗಿನ ಗಾಜು ಬೆಚ್ಚಗಿನ ಗಾಳಿಗೆ ಬಂದೊಡನೆ ಆ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮತ್ತೆ ಹೊರಗೊಯ್ದರೆ ಹನಿಯೇ ಹಿಮವಾಗುತ್ತದೆ. ಅಂದರೆ ಚಳಿಯಷ್ಟೇ ಅಪಾಯ ಅವಸರದ ಬದಲಾವಣೆಯಲ್ಲಿದೆ. ಮುಂದೆ 1919ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ ಸಿಲಿಕಾ ಜೆಲ್‌ಗೆ ಪೇಟೆಂಟ್ ಪಡೆದರು. ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳಲ್ಲಿ ತೇವ ಹಿಡಿದಿಡುವ, ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುವ ಈ ಹರಳುಗಳು ಇಂದಿಗೂ ಕ್ಯಾಮೆರಾ ಚೀಲದ ಕಾವಲು.

ಇಂದಿನ ಕ್ಯಾಮೆರಾಗಳಿಗೆ ರಬ್ಬರ್ ಸೀಲ್ ಇದೆಯಲ್ಲ, ಈ ಹಳೆಯ ಎಚ್ಚರಿಕೆ ಏಕೆ ಎಂದು ಕೇಳಬಹುದು. ಕೇಳುವುದರಲ್ಲಿ ನ್ಯಾಯವಿದೆ. 1963ರಲ್ಲಿ ಬಂದ ನಿಕೊನೋಸ್ ಕ್ಯಾಮೆರಾ ನೀರಿನೊಳಗೇ ಚಿತ್ರ ತೆಗೆಯಿತು. ಸೀಲ್‌ನ ಶಕ್ತಿ ಸಣ್ಣದಲ್ಲ. ಆದರೆ ಸಾಮಾನ್ಯ ಕ್ಯಾಮೆರಾದ ಸೀಲ್ ಮಳೆಹನಿ, ಧೂಳನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಲೆನ್ಸ್ ಬದಲಿಸುವಾಗ, ಜೂಮ್ ಹಿಂದೆಮುಂದೆ ಸರಿಯುವಾಗ ಹೊರಗಿನ ಗಾಳಿ ಒಳಹೊಕ್ಕೇ ಹೊಗುತ್ತದೆ. ಒಳಸೇರಿದ ತೇವ ಅಲ್ಲೇ ಉಳಿದರೆ ಲೆನ್ಸ್‌ಗೆ ಫಂಗಸ್ ಹಿಡಿಯುತ್ತದೆ. ಮಲೆನಾಡು, ಕರಾವಳಿಯ ಛಾಯಾಗ್ರಾಹಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಯಾಮೆರಾ ಹವೆಗೆ ಹೊಂದಲೆಂದು ಕಾಯುತ್ತಾ ಕೂತರೆ ಅಪರೂಪದ ದೃಶ್ಯ ಕೈತಪ್ಪುತ್ತದೆ ಎಂಬ ಆಕ್ಷೇಪವೂ ಇದೆ. ಪಾಂಟಿಂಗ್ ಕ್ರಮದ ಲಾಭವೇ ಇಲ್ಲಿರುವುದು: ಹೊರಗಿನ ಹವೆಗೆ ಹೊಂದಿಕೊಂಡ ಕ್ಯಾಮೆರಾ ಸದಾ ಸಿದ್ಧವಾಗಿರುತ್ತದೆ. ಒಳತರಲೇಬೇಕಾದರೆ ಹೊರಗಿರುವಾಗಲೇ ಗಾಳಿಯಾಡದ ಚೀಲದಲ್ಲಿ ಮುಚ್ಚಬೇಕು. ಹನಿ ಚೀಲದ ಮೇಲೆ ಕೂರಲಿ; ಕ್ಯಾಮೆರಾ ಒಳಗಿನ ಹವೆಗೆ ಹೊಂದುವವರೆಗೆ ಚೀಲ ತೆರೆಯಬಾರದು. ಚಳಿಗೆ ಬೇಗ ಬಸವಳಿಯುವ ಬ್ಯಾಟರಿಗೆ ಮಾತ್ರ ಅಂಗಿಯ ಒಳಜೇಬಿನ ಬಿಸಿ ಬೇಕು. ಮಂಗಳೂರಿನ ಏಸಿ ಕೋಣೆಯಿಂದ ಕಡಲತೀರಕ್ಕಿಳಿಯುವವರಿಗೂ ಚೀಲದ ನಿಯಮ ಇದೇ: ತಣ್ಣಗಿನ ಕೋಣೆಯಲ್ಲೇ ಮುಚ್ಚಬೇಕು. ದುಬಾರಿ ಕವಚ ಕೊಳ್ಳಲು ಎಲ್ಲರಿಗೂ ಸಾಧ್ಯವಿಲ್ಲ. ಒಂದು ಚೀಲ, ಒಂದು ಹಿಡಿ ಹರಳು, ಒಂದಿಷ್ಟು ತಾಳ್ಮೆ ಎಲ್ಲರ ಕೈಗೂ ಎಟುಕುತ್ತವೆ.