ಗ್ರಂಥಗಳ ಮರುಮಾರಾಟವೂ ಪ್ರಕಾಶಕರ ಅಧಿಕಾರವೂ

ಗ್ರಂಥಸ್ವಾಮ್ಯವನ್ನು ವಿಚಾರಿಸುವಾಗ ಕೃತಿಯೆಂಬುದು ಒಂದು, ಪ್ರತಿಯೆಂಬುದು ಇನ್ನೊಂದು ಎಂಬ ಭೇದವನ್ನು ಮೊದಲು ಮನಸ್ಸಿನಲ್ಲಿರಿಸಿಕೊಳ್ಳುವುದು ಅವಶ್ಯಕ. ಕೃತಿಯು ಗ್ರಂಥಕರ್ತನ ಬುದ್ಧಿಯಿಂದ ಹುಟ್ಟಿದುದು. ಅದನ್ನು ಅಚ್ಚುಹಾಕಿಸುವ, ಭಾಷಾಂತರಿಸುವ ಅಧಿಕಾರವು ಅವನಿಗೆ, ಇಲ್ಲವೆ ಅವನಿಂದ ಅದನ್ನು ಪಡೆದ ಪ್ರಕಾಶಕನಿಗೆ ಸೇರಿದುದು. ಪ್ರತಿಯಾದರೋ ಕಾಗದ, ಮಸಿ, ರಟ್ಟುಗಳಿಂದಾದ ವಸ್ತು. ಬೆಲೆ ಕೊಟ್ಟವನು ಅದಕ್ಕೆ ಒಡೆಯ. ಈ ಒಡೆಯನು ಪ್ರಕಾಶಕನ ಅಪ್ಪಣೆಯಿಲ್ಲದೆ ಅದನ್ನು ಮತ್ತೊಬ್ಬನಿಗೆ ಮಾರಬಹುದೆ? ಒಂದು ದೇಶದ ಪುಸ್ತಕವು ಅಂತರಜಾಲದ ಅಂಗಡಿಗಳ ಮೂಲಕ ಇನ್ನೊಂದು ದೇಶದ ಓದುಗನ ಕೈಯನ್ನು ಸುಲಭವಾಗಿ ಸೇರುವ ಈ ಕಾಲದಲ್ಲಿ ಈ ಪ್ರಶ್ನೆಯು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

ಈ ವಿಷಯದಲ್ಲಿ ಪ್ರಸಿದ್ಧವಾದ ಹಳೆಯ ತೀರ್ಪು ಅಮೆರಿಕಾ ದೇಶದ್ದು. ಬಾಬ್ಸ್-ಮೆರಿಲ್ ಎಂಬ ಪ್ರಕಾಶನಸಂಸ್ಥೆಯು 1904ರಲ್ಲಿ 'ದಿ ಕ್ಯಾಸ್ಟವೇ' ಎಂಬ ಕಾದಂಬರಿಯನ್ನು ಹೊರಡಿಸಿ, ಒಂದು ಡಾಲರಿಗಿಂತ ಕಡಮೆ ಬೆಲೆಗೆ ಅದನ್ನು ಮಾರಿದರೆ ಗ್ರಂಥಸ್ವಾಮ್ಯದ ಉಲ್ಲಂಘನೆಯಾಗುವುದೆಂಬ ಸೂಚನೆಯನ್ನು ಪುಸ್ತಕದಲ್ಲಿಯೇ ಅಚ್ಚುಮಾಡಿಸಿತು. ನ್ಯೂಯಾರ್ಕಿನ ಮೇಸಿ ಅಂಗಡಿಯವರು ಆ ಪ್ರತಿಗಳನ್ನು 89 ಸೆಂಟುಗಳಿಗೆ ಮಾರಿದರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಪ್ರತಿಯನ್ನು ಒಮ್ಮೆ ತಕ್ಕ ಬೆಲೆಗೆ ಮಾರಿದ ಬಳಿಕ ಅದರ ಮುಂದಿನ ಮಾರಾಟವನ್ನು ನಿಯಂತ್ರಿಸುವ ಅಧಿಕಾರವು ಗ್ರಂಥಸ್ವಾಮ್ಯದಿಂದ ದೊರೆಯದೆಂದೂ, ಒಪ್ಪಂದ ಮಾಡಿಕೊಳ್ಳದವನನ್ನು ಬರಿಯ ಅಚ್ಚಿನ ಸೂಚನೆಯು ಬಂಧಿಸಲಾರದೆಂದೂ 1908ರಲ್ಲಿ ನಿರ್ಣಯವಾಯಿತು. ಇದೇ ಪ್ರಥಮವಿಕ್ರಯ ನ್ಯಾಯ. ಮರುವರ್ಷದ ಶಾಸನದಲ್ಲಿ ಇದು ಸೇರಿತು.

ದೇಶದ ಎಲ್ಲೆಯನ್ನು ದಾಟಿ ಬಂದ ಪ್ರತಿಗೂ ಈ ನ್ಯಾಯವು ಸಲ್ಲುವುದೆ ಎಂಬುದು ಒಂದು ಶತಮಾನದ ಮೇಲೆ ನಿಶ್ಚಿತವಾಯಿತು. ಥಾಯ್ಲೆಂಡಿನಿಂದ ಅಮೆರಿಕಾಕ್ಕೆ ಗಣಿತವನ್ನು ಓದಲು ಬಂದ ಸುಪಾಪ್ ಕಿರ್ಟ್‌ಸೇಂಗ್ ಎಂಬ ವಿದ್ಯಾರ್ಥಿಯು, ತನ್ನ ದೇಶದಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಆಂಗ್ಲ ಪಠ್ಯಪುಸ್ತಕಗಳನ್ನು ಬಂಧುಮಿತ್ರರಿಂದ ತರಿಸಿಕೊಂಡು, ಅಂತರಜಾಲದ ಈಬೇ ಮೊದಲಾದ ಅಂಗಡಿಗಳ ಮೂಲಕ ಮಾರಿದನು. ಪ್ರಕಾಶಕರಾದ ಜಾನ್ ವೈಲಿ ಸಂಸ್ಥೆಯವರು 2008ರಲ್ಲಿ ದಾವೆ ಹೂಡಿದರು. 8 ಗ್ರಂಥಗಳ ವಿಷಯದಲ್ಲಿ ಅವನಿಗೆ 6 ಲಕ್ಷ ಡಾಲರುಗಳ ದಂಡ ಬಿದ್ದಿತು. ಆದರೆ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು 6ಕ್ಕೆ 3ರ ಬಹುಮತದಿಂದ ಅವನ ಪಕ್ಷವನ್ನೇ ಎತ್ತಿಹಿಡಿಯಿತು. ಹಾಗಲ್ಲದಿದ್ದರೆ ಹೊರದೇಶಗಳಲ್ಲಿ ಪ್ರಕಟವಾದ, ಪುಸ್ತಕಭಂಡಾರಗಳಲ್ಲಿರುವ ಕನಿಷ್ಠಪಕ್ಷ 20 ಕೋಟಿ ಗ್ರಂಥಗಳನ್ನು ಎರವಲು ಕೊಡುವುದಕ್ಕೂ ಅಪ್ಪಣೆ ಬೇಕಾದೀತೆಂಬ ಆತಂಕವು ನ್ಯಾಯಾಧೀಶ ಬ್ರೇಯರರ ತೀರ್ಪಿನಲ್ಲಿ ಪ್ರಸ್ತಾಪವಾಗಿದೆ.

ಪ್ರಕಾಶಕರ ವಾದವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡದೇಶದ ವಿದ್ಯಾರ್ಥಿಗೆ ಅಗ್ಗವಾಗಿ ಕೊಟ್ಟ ಪುಸ್ತಕವು ಸಿರಿವಂತ ದೇಶಕ್ಕೆ ಮರಳಿ ಅಲ್ಲಿನ ಮಾರಾಟವನ್ನು ಕೆಡಿಸಿದರೆ, ಅಗ್ಗದ ಆವೃತ್ತಿಯನ್ನು ಹೊರಡಿಸುವ ಉತ್ಸಾಹವು ಕುಗ್ಗಬಹುದು. ಆಗ ನಷ್ಟವು ಆ ಬಡ ವಿದ್ಯಾರ್ಥಿಗೇ ತಟ್ಟುವುದು.

ಭಾರತದಲ್ಲಿ 1957ರ ಗ್ರಂಥಸ್ವಾಮ್ಯ ಶಾಸನದ 14ನೆಯ ವಿಧಿಯು ಪ್ರತಿಗಳನ್ನು ಪ್ರಚಾರಕ್ಕೆ ತರುವ ಅಧಿಕಾರವನ್ನು ಒಡೆಯನಿಗೆ ಕೊಟ್ಟು, ಈಗಾಗಲೇ ಪ್ರಚಾರದಲ್ಲಿರುವ ಪ್ರತಿಗಳನ್ನು ಅದರಿಂದ ಹೊರಗಿಟ್ಟಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ವ್ಯಾಪಾರಕ್ಕೆ ಆಧಾರವಾಗಿರುವುದೂ ಇದೇ ತತ್ತ್ವ. ಆದರೆ ಭಾರತಕ್ಕೆಂದು ಅಚ್ಚಾದ ಅಗ್ಗದ ಆವೃತ್ತಿಗಳನ್ನು ಅಂತರಜಾಲದ ಮೂಲಕ ಅಮೆರಿಕಾ ಮೊದಲಾದ ದೇಶಗಳಿಗೆ ಮಾರುತ್ತಿದ್ದವರ ಮೇಲೆ ಇದೇ ಜಾನ್ ವೈಲಿ ಸಂಸ್ಥೆಯು ಹೂಡಿದ ದಾವೆಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿ ಪ್ರಕಾಶಕರ ಪರವಾಗಿ ಪ್ರತಿಬಂಧಕಾಜ್ಞೆಯನ್ನಿತ್ತಿತು. ಸೀಮಿತ ಪ್ರದೇಶದ ಪರವಾನಗಿ ಪಡೆದವನ ಮಾರಾಟದಿಂದ ಅವನ ಹಕ್ಕು ಮಾತ್ರ ತೀರುವುದಲ್ಲದೆ ಮೂಲ ಒಡೆಯನ ಹಕ್ಕು ತೀರದೆಂಬುದು ಅದರ ತಾತ್ಪರ್ಯ. ಹೀಗೆ ಒಂದೇ ಬಗೆಯ ವ್ಯಾಪಾರವು ಒಂದು ದೇಶದ ನ್ಯಾಯಾಲಯದಲ್ಲಿ ನಿರ್ದೋಷವೂ ಇನ್ನೊಂದರಲ್ಲಿ ಸದೋಷವೂ ಆಯಿತು.

ಪ್ರತಿಯೇ ಇಲ್ಲದ ಗ್ರಂಥದ ಗತಿಯೇನು? ವಿದ್ಯುನ್ಮಾನ ಗ್ರಂಥವನ್ನು ಕೈಬದಲಾಯಿಸುವುದೆಂದರೆ ಸಾಮಾನ್ಯವಾಗಿ ಹೊಸದೊಂದು ನಕಲನ್ನು ಹುಟ್ಟಿಸುವುದೆಂದೇ ಅರ್ಥ; ನಕಲು ಮಾಡುವ ಹಕ್ಕು ಒಡೆಯನದು. ಆದುದರಿಂದಲೇ ಅಮೆರಿಕಾದಲ್ಲಿ 2018ರಲ್ಲಿ ಸಂಗೀತದ ಕಡತಗಳ ಮರುಮಾರಾಟವು ನಿಷಿದ್ಧವೆಂದು ತೀರ್ಪಾಯಿತು. 2019ರಲ್ಲಿ ಯೂರೋಪಿನ ಒಕ್ಕೂಟದ ನ್ಯಾಯಾಲಯವು ಬೇರೊಂದು ದಾರಿಯಿಂದ ವಿದ್ಯುನ್ಮಾನ ಗ್ರಂಥಗಳ ವಿಷಯದಲ್ಲಿ ಅದೇ ಫಲವನ್ನು ಮುಟ್ಟಿತು: ಅಂತಹ ಗ್ರಂಥವನ್ನು ಒದಗಿಸುವುದು ವಸ್ತುವಿನ ವಿಕ್ರಯವಲ್ಲ, ಸಾರ್ವಜನಿಕರಿಗೆ ಮಾಡುವ ಪ್ರಸಾರವೆಂಬುದು ಅದರ ಮತ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಓದುಗನು ಪುಸ್ತಕವನ್ನು ಮಾರುವ, ದಾನಮಾಡುವ, ಶಿಷ್ಯನಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವು ಪ್ರಕಾಶಕನ ಔದಾರ್ಯದಿಂದ ಬಂದುದಲ್ಲ. ಪ್ರತಿಯ ಒಡೆತನದಿಂದ ಬಂದುದು. ಪ್ರತಿಯ ಬದಲು ಪರವಾನಗಿ ಮಾತ್ರ ಕೈಸೇರಿದಲ್ಲಿ ಆ ಸ್ವಾತಂತ್ರ್ಯವೂ ಇಲ್ಲವಾಗುತ್ತದೆ. ಗ್ರಂಥಭಂಡಾರಗಳಿಗೆ ಪುಸ್ತಕಗಳನ್ನು ಆರಿಸುವವರು ಬೆಲೆಯ ಜೊತೆಗೆ, ದೊರೆಯುವುದು ಒಡೆತನವೋ ಬರಿಯ ಪರವಾನಗಿಯೋ ಎಂಬುದನ್ನೂ ವಿಚಾರಿಸುವುದು ಯುಕ್ತ.